ದೋಷವಿಲ್ಲದ ಕ್ಯಾಮೆರಾ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹದಿನೈದು ವರ್ಷದಿಂದ ಎಕ್ಸ್‌ರೇ ತೆಗೆಯುತ್ತಿದ್ದವಳಿಗೆ ಒಂದು ಫೋಟೋ ನೆಟ್ಟಗೆ ತೆಗೆಯಲು ಬರುವುದಿಲ್ಲ ಎಂದರೆ ಯಾರು ನಂಬುತ್ತಾರೆ? ಆದರೆ ನಿಜ ಸಂಗತಿ ಅದೇ. ಅವಳ ಕೋಣೆಯಲ್ಲಿ ಎಲ್ಲರೂ ಅವಳು ಹೇಳಿದಂತೆ ಕೇಳುತ್ತಿದ್ದರು. ಎಂಥ ದೊಡ್ಡ ಮನುಷ್ಯನಾದರೂ ಅಂಗಿ ಬಿಚ್ಚಿ, ತಣ್ಣನೆಯ ಹಲಗೆಗೆ ಎದೆಯೊತ್ತಿ ನಿಲ್ಲಬೇಕು. "ಉಸಿರು ಬಿಗಿಹಿಡೀರಿ, ಅಲುಗಾಡ್ಬೇಡಿ" ಎಂದು ಗಾಜಿನ ಹಿಂದಿನಿಂದ ಹೇಳಿ ಗುಂಡಿ ಒತ್ತಿದರೆ ಮುಗಿಯಿತು. ಮೈದಾನದಲ್ಲಿ ಹಾಗೆ ಹೇಳುವಂತಿರಲಿಲ್ಲ. ಅವಳ ಮಗಳು ಶಾಲೆಯ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಚೆಂಡಿನ ಮೇಲೆ ಎಗರುವ ರೀತಿ ನೋಡಿ ತಂಡದವರು ಅವಳಿಗೆ ಬೆಕ್ಕು ಎಂದು ಹೆಸರಿಟ್ಟಿದ್ದರು. ಈಗ ಮನೆಯಲ್ಲೂ ಅದೇ ಹೆಸರು ಕಾಯಂ ಆಗಿತ್ತು. ಎಗರುವ ಬೆಕ್ಕಿಗೆ ಅಲುಗಾಡಬೇಡ ಎಂದರೆ ಅದು ಕೇಳೀತೇ?

ಕ್ಯಾಮೆರಾ ಕೊಳ್ಳುವ ಮಾತು ಹುಟ್ಟಿದ್ದೇ ಒಂದು ಕೆಟ್ಟ ಫೋಟೋದಿಂದ. ಹಿಂದಿನ ಸಲದ ಪಂದ್ಯದಲ್ಲಿ ಬೆಕ್ಕು ಉದ್ದಕ್ಕೆ ಹಾರಿ, ಕಂಬದ ಪಕ್ಕ ನುಗ್ಗುತ್ತಿದ್ದ ಚೆಂಡನ್ನು ಬೆರಳ ತುದಿಯಲ್ಲಿ ಆಚೆ ತಳ್ಳಿದ್ದಳು. ಮೈದಾನವೆಲ್ಲ ಎದ್ದು ನಿಂತು ಕೂಗಿತು. ಅಪ್ಪ ಮೊಬೈಲ್‌ನಲ್ಲಿ ಅದನ್ನು ಹಿಡಿದೂ ಇದ್ದ. ಮನೆಗೆ ಬಂದು ನೋಡಿದರೆ ಚೆಂಡಿದೆ, ಕಂಬವಿದೆ, ಬಲೆಯ ಒಂದೊಂದು ಗಂಟೂ ಎಣಿಸುವಂತಿದೆ. ಮಗಳಿರಬೇಕಾದ ಜಾಗದಲ್ಲಿ ಬೂದಿ ಒರೆಸಿದಂಥ ಒಂದು ಗೆರೆ.

"ಇದ್ರಲ್ಲಿ ನಾನೆಲ್ಲಿದ್ದೀನಿ?" ಎಂದು ಮಗಳು ಮುಖ ಊದಿಸಿಕೊಂಡಳು.

"ಅದು ನೀನಲ್ಲ ಮಗಳೇ, ನೀನು ಹೋದ್ಮೇಲೆ ಉಳಿದ ಗಾಳಿ" ಎಂದ ಅಪ್ಪ. ಆತ ಶಾಲಾ ವ್ಯಾನಿನ ಡ್ರೈವರ್. ಎಂಥ ಗದ್ದಲದಲ್ಲೂ ಒಂದು ತಮಾಷೆ ಹುಡುಕುವುದು ಅವನಿಗೆ ರೂಢಿ. "ಆಯ್ತು, ಈ ಸಲ ಒಂದು ಒಳ್ಳೇ ಕ್ಯಾಮೆರಾ ತಗೊಂಡೇ ಬಿಡೋಣ. ಫೋಟೋ ತೆಗೆಯೋ ಕೆಲಸ ಅಮ್ಮಂದು. ಅವಳು ಹೆಂಗೂ ಕಲಿತವಳು."

ಅಮ್ಮ ಒಪ್ಪಿದಳು. ಒಪ್ಪಲು ಅವಳದೇ ಒಂದು ಗುಟ್ಟಿನ ಕಾರಣವಿತ್ತು. ಮಗಳ ಪಂದ್ಯ ನೋಡುವುದೆಂದರೆ ಅವಳಿಗೆ ಜೀವ ಬಾಯಿಗೆ ಬಂದಂತೆ. ಚೆಂಡು ಗೋಲಿನತ್ತ ಬಂದಾಗಲೆಲ್ಲ ಕಣ್ಣು ಮುಚ್ಚಿಕೊಂಡು, ಪಕ್ಕದವರ ಕೂಗು ಕೇಳಿ ಏನಾಯಿತೆಂದು ಊಹಿಸುತ್ತಿದ್ದಳು. ಕ್ಯಾಮೆರಾ ಹಿಡಿದುಕೊಂಡರೆ ಕಣ್ಣು ತೆರೆದಿರಲೇಬೇಕು. ನಡುವೆ ಒಂದು ಗಾಜೂ ಇರುತ್ತದೆ. ಗಾಜಿನ ಹಿಂದೆ ನಿಂತರೆ ಅವಳಿಗೆ ಸ್ವಲ್ಪ ಧೈರ್ಯ.

ಅವಳ ಹೆದರಿಕೆಯ ಬಗ್ಗೆ ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಆಸ್ಪತ್ರೆಯ ಕೆಲಸ ಅವಳನ್ನು ಹಾಗೆ ಮಾಡಿತ್ತು. ನಗುನಗುತ್ತಾ ಬಂದವರ ಎದೆಯೊಳಗಿನ ಕಲೆ ಅವರಿಗಿಂತ ಮೊದಲು, ಡಾಕ್ಟರಿಗಿಂತಲೂ ಮೊದಲು ಅವಳಿಗೆ ಕಾಣುತ್ತಿತ್ತು. ಕಂಡದ್ದನ್ನು ಹೇಳುವ ಹಾಗಿಲ್ಲ, ಅದು ಅವಳ ಕೆಲಸವಲ್ಲ. "ಆಯ್ತು, ಬಟ್ಟೆ ಹಾಕ್ಕೊಳ್ಳಿ" ಎಂದು ಅದೇ ಮುಖದಲ್ಲಿ ಹೇಳಬೇಕು. ಹಗಲೆಲ್ಲ ನುಂಗಿಕೊಂಡ ಭಯವನ್ನು ಅವಳು ಸಂಜೆ ಮನೆಗೆ ತಂದು ಮಗಳ ಮೇಲೆ ಸುರಿಯುತ್ತಿದ್ದಳು. ಕೆಮ್ಮಿದರೆ ಎದೆಯ ಎಕ್ಸ್‌ರೇ. ಜಾರಿ ಬಿದ್ದರೆ ಮೊಣಕೈಯದು. ಹಿಂದಿನ ವರ್ಷ ಕಿರುಬೆರಳು ಉಳುಕಿದ್ದಕ್ಕೆ ಇಡೀ ಬೇಸಿಗೆ ಆಟ ಬಿಡಿಸಿ, ಹುಡುಗಿಯನ್ನು ಕಿಟಕಿಯ ಪಕ್ಕ ಕೂರಿಸಿದ್ದಳು. ಬೆಕ್ಕು ಆಗ ಊಟ ಬಿಟ್ಟು ಅತ್ತಿದ್ದಳು. ಇತ್ತೀಚೆಗೆ, ಮಳೆ ನಿಂತ ಹೊಸದರಲ್ಲಿ, ಎಡಗಣ್ಣಿನ ಕೆಳಗೆ ನೀಲಿ ಕಟ್ಟಿಸಿಕೊಂಡು ಬಂದು "ಗೆಳತಿ ಮೊಣಕೈ ತಾಗ್ತು, ಏನಿಲ್ಲ" ಎಂದಾಗಲೂ ಅಮ್ಮ ಬಿಟ್ಟಿರಲಿಲ್ಲ. ಮರುದಿನವೇ ಕೆನ್ನೆಯ ಮೂಳೆಯ ಎಕ್ಸ್‌ರೇ ಆಯಿತು. ಮೂಳೆ ಚೊಕ್ಕವಾಗಿತ್ತು. ಅವಳ ಜೀವ ತಣ್ಣಗಾಯಿತು. ಗಂಡ ಅವಳನ್ನು 'ಅಪಾಯದ ಗಂಟೆ' ಎಂದು ಕರೆಯುತ್ತಿದ್ದ. "ಈ ಗಂಟೆಗೆ ಬೆಂಕಿ ಬೇಕಾಗಿಲ್ಲ, ಬೆಂಕಿಪೊಟ್ಟಣ ಕಂಡ್ರೂ ಬಡ್ಕೊಳ್ತದೆ."

ಕ್ಯಾಮೆರಾ ಅಂಗಡಿ ದೊಡ್ಡ ರಸ್ತೆಯ ಮೂಲೆಯಲ್ಲಿ, ಕನ್ನಡಕದ ಅಂಗಡಿಯ ಪಕ್ಕದಲ್ಲಿತ್ತು. ಅಂಗಡಿಯಾತ ದಪ್ಪ ಮೀಸೆಯ, ಬಾಯಿ ತುಂಬ ಮಾತಿನ ಮನುಷ್ಯ. ಅಮ್ಮ ತನಗೆ ಬೇಕಾದದ್ದನ್ನು ಹೇಳಿದಳು: ಬಯಲಿನ ಆಟ, ಓಡುವ ಮಕ್ಕಳು, ಮೈದಾನದ ಅಂಚಿನಿಂದ ಗೋಲು ಬಹಳ ದೂರ, ತನಗೆ ಏನೂ ಬರುವುದಿಲ್ಲ.

"ಏನೂ ಬರಲ್ಲ ಅನ್ನೋರಿಗೇ ನಾನು ಮಾರೋದು ಮೇಡಂ. ಎಲ್ಲಾ ಬರೋರು ನೋಡಿ, ಮುಟ್ಟಿ, ಬೈದು ಹೋಗ್ತಾರೆ" ಎಂದು ಅವನು ಮೂರು ಕ್ಯಾಮೆರಾಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ. ಒಂದು ಸಣ್ಣದು, ಅದರ ಲೆನ್ಸ್ ಬಿಚ್ಚಲು ಬಾರದು, ಆದರೆ ಬಹಳ ದೂರದ್ದನ್ನೂ ಹತ್ತಿರಕ್ಕೆ ಎಳೆದು ತೋರಿಸುತ್ತದೆ. ಎರಡನೆಯದು ಯಾರೋ ಬಳಸಿ ಕೊಟ್ಟದ್ದು. ಕಲ್ಲಿನ ಭಾರ, ಆದರೆ ಗುಂಡಿ ಒತ್ತಿ ಹಿಡಿದರೆ ಮಳೆ ಸುರಿದಂತೆ ಚಿತ್ರ ತೆಗೆಯುತ್ತದೆ. ಮೂರನೆಯದು ಹೊಸದು, ಹಗುರ, ಬೆಲೆ ಮಾತ್ರ ಭಾರ. "ಮದುವೆಗೂ ಇದಕ್ಕೂ ಒಂದೇ ವ್ಯತ್ಯಾಸ ಮೇಡಂ. ಇಲ್ಲಿ ಬಳಸಿ ನೋಡಿ ವಾಪಸ್ ಕೊಡಬಹುದು. ಶನಿವಾರ ನಿಮ್ಮ ಗುರುತಿನ ಚೀಟಿ ಇಟ್ಟು ಒಂದು ತಗೊಂಡು ಹೋಗಿ. ಆಟ ಮುಗಿಸಿ ಸೋಮವಾರ ತನ್ನಿ. ಸರಿಹೋಗದಿದ್ರೆ ಮುಂದಿನ ವಾರ ಇನ್ನೊಂದು."

ಅವಳು ಮೊದಲು ಸಣ್ಣದನ್ನು ಒಯ್ದಳು.

ಭಾನುವಾರ ಬೆಳಿಗ್ಗೆ ಒಳ್ಳೆಯ ಬಿಸಿಲಿತ್ತು. ಅಮ್ಮ ಮೈದಾನದ ಬಲಬದಿಯ ಗೆರೆಯ ಹತ್ತಿರ ಮಡಚುವ ಕುರ್ಚಿ ಹಾಕಿ ಕೂತು, ಲೆನ್ಸನ್ನು ಉದ್ದಕ್ಕೆ ಎಳೆದು, ಗೋಲಿನ ಕಡೆ ಹಿಡಿದಳು. ದೂರದಲ್ಲಿ ಹೆಬ್ಬೆರಳಷ್ಟು ಕಾಣುತ್ತಿದ್ದ ಮಗಳು ಎದುರಿಗೇ ಬಂದು ನಿಂತಂತಾಯಿತು. ಹಣೆಗಂಟಿದ ಕೂದಲು, ತುಟಿ ಕಚ್ಚಿಕೊಂಡ ಹಲ್ಲು, ಎಲ್ಲವೂ. ಅಮ್ಮನಿಗೆ ಖುಷಿ ತಡೆಯಲಾಗಲಿಲ್ಲ. ಆ ದಿನ ಬೆಕ್ಕು ಎರಡು ಗೋಲು ಬಿಟ್ಟಳು, ಎರಡೂ ಎಡಗಡೆಯಿಂದ. "ಬೆಕ್ಕಿಗೂ ಒಂದೊಂದು ದಿನ ಇಲಿ ತಪ್ಪಿಸಿಕೊಳ್ತದೆ" ಎಂದ ಅಪ್ಪ.

ಸಂಜೆ ಅವಳು ಚಿತ್ರಗಳನ್ನು ಟಿವಿಗೆ ಹಾಕಿ ನೋಡಿದಳು. ಕೆಲಸದ ಅಭ್ಯಾಸ ಎಲ್ಲಿಗೆ ಹೋದೀತು? ಪರದೆ ಎಳೆದು, ದೀಪ ಆರಿಸಿ, ಒಂದೊಂದೇ ಚಿತ್ರವನ್ನು ಮೂಲೆಯಿಂದ ಮೂಲೆಗೆ ನೋಡುತ್ತಾ ಹೋದಳು. ಹತ್ತನೆಯದೋ ಹನ್ನೊಂದನೆಯದೋ ಚಿತ್ರಕ್ಕೆ ಅವಳ ಕೈ ನಿಂತಿತು.

ಚೆಂಡು ಎದುರಿನಿಂದ ಬರುತ್ತಿತ್ತು. ಮಗಳ ಮುಖ ಎದುರಿಗಿರಲಿಲ್ಲ. ಅದು ಎಡಕ್ಕೆ ತಿರುಗಿತ್ತು. ಕೋಳಿ ನೆಲದ ಕಾಳನ್ನು ನೋಡುವಾಗ ಮುಖ ಒಂದು ಕಡೆ, ನೋಟ ಒಂದು ಕಡೆ ಇರುತ್ತದಲ್ಲ, ಹಾಗೆ. ಮುಂದಿನ ಚಿತ್ರದಲ್ಲೂ ಹಾಗೆಯೇ. ಅದರ ಮುಂದಿನದರಲ್ಲೂ. ತಂಡದ ಬೇರೆ ಹುಡುಗಿಯರೆಲ್ಲ ಚೆಂಡಿಗೆ ಮುಖ ಕೊಟ್ಟು ನಿಂತಿದ್ದರು. ತನ್ನ ಮಗಳೊಬ್ಬಳೇ ಪಕ್ಕದಲ್ಲಿ ಯಾರೋ ಕರೆದಂತೆ ತಿರುಗಿದ್ದಳು.

ಅಮ್ಮ ಚಿತ್ರಗಳನ್ನು ಹಿಂದಕ್ಕೆ ಸರಿಸಿ ಮತ್ತೆ ಮೊದಲಿನಿಂದ ನೋಡಿದಳು.

ಅವಳಿಗೆ ಒಬ್ಬ ಮನುಷ್ಯ ನೆನಪಾದ. ಹಿಂದಿನ ಚಳಿಗಾಲದಲ್ಲಿ ತಲೆಯ ಸ್ಕ್ಯಾನ್‌ಗೆ ಬಂದಿದ್ದವನು, ಬಡಗಿ. "ಏನಿಲ್ಲ ಸಿಸ್ಟರ್, ಎಡಗಡೆ ಬಾಗಿಲಿಗೆ ಢಿಕ್ಕಿ ಹೊಡೀತಾ ಇರ್ತೀನಿ, ಅಷ್ಟೇ. ನಾನೇ ಮಾಡಿದ ಬಾಗಿಲು!" ಎಂದು ನಕ್ಕಿದ್ದ. ಅವನ ತಲೆಯ ಚಿತ್ರದಲ್ಲಿ ಕೋಳಿಮೊಟ್ಟೆಯಷ್ಟು ದೊಡ್ಡ ಬಿಳಿ ಕಲೆ ಇತ್ತು. ಬೇಸಿಗೆಯ ಹೊತ್ತಿಗೆ ಅವನು ಇರಲಿಲ್ಲ.

ಅವಳು ಟಿವಿ ಆರಿಸಿದಳು. ಆಮೇಲೆ, ಹದಿನೈದು ವರ್ಷದ ಕೆಲಸ ಕಲಿಸಿದ್ದನ್ನೇ ಅವಳು ತನಗೆ ತಾನು ಹೇಳಿಕೊಂಡಳು. ಚಿತ್ರದಲ್ಲಿ ಏನಾದರೂ ಕಂಡರೆ ಮೊದಲು ಯಂತ್ರವನ್ನು ಅನುಮಾನಿಸಬೇಕು. ಎಷ್ಟು ಸಲ ಶ್ವಾಸಕೋಶದ ಗಂಟು ಎಂದುಕೊಂಡದ್ದು ಅಂಗಿಯ ಗುಂಡಿಯಾಗಿರಲಿಲ್ಲ? ಎಷ್ಟು ಸಲ ತಲೆಬುರುಡೆಯ ಬಿರುಕು ಎಂದುಕೊಂಡದ್ದು ಜಡೆಯ ಎಳೆಯಾಗಿರಲಿಲ್ಲ? ಇದು ಅಗ್ಗದ ಕ್ಯಾಮೆರಾ. ಗುಂಡಿ ಒತ್ತಿದ ಮೇಲೆ ಯೋಚನೆ ಮಾಡಿ ಚಿತ್ರ ತೆಗೆಯುತ್ತದೆ. ಅಷ್ಟರಲ್ಲಿ ಹುಡುಗಿ ಯಾರನ್ನೋ ಕೂಗಲು ತಿರುಗಿರುತ್ತಾಳೆ. ಮತ್ತೊಮ್ಮೆ ತೆಗೆಯಬೇಕು. ಬೇರೆ ಯಂತ್ರ, ಬೇರೆ ಕೋನ.

ಮಗಳನ್ನು ಕರೆದು ಕೇಳಬಹುದಿತ್ತು. ಅವಳು ಪಕ್ಕದ ಕೋಣೆಯಲ್ಲೇ ಕೂತು ಶೂ ಒರೆಸುತ್ತಿದ್ದಳು. ಆದರೆ ಕೇಳಿದರೆ ಉತ್ತರ ಬರುತ್ತದಲ್ಲ, ಅದಕ್ಕೆ ಅಮ್ಮನ ಬಾಯಿ ಏಳಲಿಲ್ಲ.

ಸೋಮವಾರ ಅಂಗಡಿಯಾತನಿಗೆ "ಇದು ನಿಧಾನ" ಎಂದಳು. ಅವನು ತಲೆದೂಗಿ ಒಪ್ಪಿಕೊಂಡ.

ಆ ವಾರವೆಲ್ಲ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಗಳನ್ನು ಕಾದಳು. ಕಾಣಬಾರದೆಂದುಕೊಂಡದ್ದೆಲ್ಲ ಕಂಡಿತು. ಬೆಕ್ಕು ಊಟಕ್ಕೆ ತನ್ನ ಹಳೆಯ ಜಾಗ ಬಿಟ್ಟು, ಎಲ್ಲರೂ ಬಲಕ್ಕೆ ಬರುವಂತೆ ಗೋಡೆ ಪಕ್ಕ ಕೂರುತ್ತಿದ್ದಳು. ಯಾವಾಗಿನಿಂದ? ಲೋಟಕ್ಕೆ ನೀರು ಸುರಿಯುವಾಗ ಹೂಜಿಯ ಮೂತಿಯನ್ನು ಲೋಟದ ಅಂಚಿಗೆ ತಾಗಿಸಿಕೊಂಡೇ ಸುರಿಯುತ್ತಿದ್ದಳು. ಬಚ್ಚಲಿನ ಬಾಗಿಲಿಗೆ ಎಡಭುಜ ತಾಗಿ ಸದ್ದಾದಾಗ ಅಮ್ಮನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು.

"ರೀ, ಬೆಕ್ಕು ಬಾಗಿಲಿಗೆ ಢಿಕ್ಕಿ ಹೊಡೆದ್ಲು" ಎಂದಳು ಗಂಡನಿಗೆ.

"ನಾನೂ ಹೊಡೀತೀನಿ. ಈ ಮನೆ ಬಾಗಿಲು ಕಟ್ಟಿದೋನು ಸಣ್ಣ ಮನುಷ್ಯ ಇರ್ಬೇಕು."

"ತಮಾಷೆ ಅಲ್ಲ ಕಣ್ರೀ."

"ನಿಂಗೆ ಯಾವತ್ತು ತಮಾಷೆ ಆಗಿದೆ ಹೇಳು?" ಎಂದು ಆತ ನಕ್ಕು, ಅವಳ ಮುಖ ನೋಡಿ ನಗು ನಿಲ್ಲಿಸಿದ. "ಏನಾಯ್ತು?"

"ಏನಿಲ್ಲ" ಎಂದಳು. ಸುಮ್ಮನೆ ಕೂಗುವ ಗಂಟೆ ಎಂದು ಹೆಸರು ಪಡೆದವಳು, ನಿಜವಾಗಿ ಹೊಗೆ ಕಂಡಾಗ ಯಾವ ಬಾಯಲ್ಲಿ ಕೂಗಬೇಕು?

ಎರಡನೆಯ ಭಾನುವಾರ ಕಲ್ಲಿನ ಭಾರದ ಕ್ಯಾಮೆರಾ ಹೊತ್ತುಕೊಂಡು ಮೈದಾನದ ಎಡಬದಿಗೆ ಹೋಗಿ ಕೂತಳು. ಕೋನ ಬದಲಾಯಿತು, ಯಂತ್ರ ಬದಲಾಯಿತು. ಈ ಸಲ ಗುಂಡಿ ಒತ್ತಿ ಹಿಡಿದರೆ ಕ್ಯಾಮೆರಾ ಕಟಕಟನೆ ಹಲ್ಲು ಕಡಿದಂತೆ ಸದ್ದು ಮಾಡಿ, ಒಂದು ಹಾರಾಟವನ್ನು ಇಪ್ಪತ್ತು ತುಂಡು ಮಾಡಿ ಕೊಟ್ಟಿತು. ಬಿಸಿಲು ಮಗಳ ಎಡಗಡೆಗೆ ಬೀಳುತ್ತಿತ್ತು. ಸಂಜೆ ನೋಡಿದಳು. ಇಪ್ಪತ್ತರಲ್ಲಿ ಇಪ್ಪತ್ತೂ ಮುಖ ಎಡಕ್ಕೆ. ಬಿಸಿಲಿಗೆ ಹಾಗೆ ಮಾಡಿರಬಹುದು ಎಂದುಕೊಂಡಳು. ಬಿಸಿಲು ಬಿದ್ದರೆ ಯಾರಾದರೂ ಬಿಸಿಲಿನ ಕಡೆಗೇ ಮುಖ ತಿರುಗಿಸುತ್ತಾರೆಯೇ? ಆ ಪ್ರಶ್ನೆಯನ್ನು ಅವಳು ಕೇಳಿಕೊಳ್ಳಲಿಲ್ಲ. ಸೋಮವಾರ ಅಂಗಡಿಯಲ್ಲಿ "ಇದು ಭಾರ" ಎಂದಳು.

ಮೂರನೆಯ ಭಾನುವಾರ ಮೋಡ ಕವಿದಿತ್ತು. ಹೊಸ ಕ್ಯಾಮೆರಾದ ವಿಶೇಷವನ್ನು ಅಂಗಡಿಯಾತ ಎರಡೆರಡು ಸಲ ಹೇಳಿ ಕಳಿಸಿದ್ದ. "ಇದು ತಾನೇ ಕಣ್ಣು ಹುಡುಕುತ್ತೆ ಮೇಡಂ. ನೀವು ಸುಮ್ನೆ ಹಿಡ್ಕೊಳ್ಳಿ. ಮನುಷ್ಯರ ಮುಖದಲ್ಲಿ ಕಣ್ಣು ಎಲ್ಲಿದೆ ನೋಡಿ ಅಲ್ಲಿ ಒಂದು ಚೌಕ ಕೂರಿಸುತ್ತೆ. ಯಾವ ಕಣ್ಣು ಮುಂದಿದೆಯೋ ಅದರ ಮೇಲೆ." ಅವನು ಹೇಳಿದ್ದು ಸುಳ್ಳಲ್ಲ. ಕ್ಯಾಮೆರಾದೊಳಗೆ ಕಣ್ಣಿಟ್ಟು ನೋಡಿದರೆ ಹಸಿರು ಬಣ್ಣದ ಪುಟ್ಟ ಚೌಕವೊಂದು ನೊಣದಂತೆ ಹಾರಿ ಹೋಗಿ ಓಡುವ ಹುಡುಗಿಯರ ಕಣ್ಣಿನ ಮೇಲೆ ಕೂರುತ್ತಿತ್ತು. ಒಬ್ಬಳ ಎಡಗಣ್ಣು, ಇನ್ನೊಬ್ಬಳ ಬಲಗಣ್ಣು, ಮತ್ತೆ ಎಡ, ಮತ್ತೆ ಬಲ. ಅವಳು ಗೋಲಿನತ್ತ ತಿರುಗಿಸಿದಳು. ಚೌಕ ಮಗಳ ಬಲಗಣ್ಣಿನ ಮೇಲೆ ಕೂತಿತು.

ಅದು ಅಲ್ಲಿಂದ ಏಳಲಿಲ್ಲ. ಮಗಳು ಕೂತಳು, ಎದ್ದಳು, ಕಂಬಕ್ಕೆ ಶೂ ಬಡಿದು ಮಣ್ಣು ಉದುರಿಸಿದಳು, ಬಲಕ್ಕೆ ಸರಿದಳು, ಎಡಕ್ಕೆ ಸರಿದಳು. ಚೌಕ ಬಲಗಣ್ಣಿನಲ್ಲೇ ಇತ್ತು. ಎಡಗಣ್ಣು ಒಂದೇ ಒಂದು ಸಲವೂ ಮುಂದೆ ಬರಲಿಲ್ಲ. 'ಹೋಗು, ಆ ಕಡೆ ಹೋಗು' ಎಂದು ಅಮ್ಮ ಚೌಕವನ್ನು ಬೇಡಿಕೊಂಡಳು. ಎಡಗಡೆಯಿಂದ ಒಬ್ಬ ಹುಡುಗಿ ಚೆಂಡು ಹೊಡೆದಳು. ಅದು ಬೆಕ್ಕಿನ ಕಿವಿಯ ಪಕ್ಕದಿಂದಲೇ ಗೋಲಿಗೆ ಹೋಯಿತು. ಬೆಕ್ಕು ಎಗರಲೇ ಇಲ್ಲ. ಚೆಂಡು ಬಲೆಗೆ ಬಡಿದ ಸದ್ದಿಗೆ ತಿರುಗಿ ನೋಡಿದಳು.

ಆ ಚಿತ್ರಗಳನ್ನು ಅಮ್ಮ ಟಿವಿಗೆ ಹಾಕಲೇ ಇಲ್ಲ.

ಸೋಮವಾರ ಅಂಗಡಿಗೆ ಹೋಗಿ "ಬೇರೆ ಯಾವುದಾದ್ರೂ ಇದ್ಯಾ?" ಎಂದು ಕೇಳಿದಳು.

ಅಂಗಡಿಯಾತ ಮೀಸೆ ಸವರಿಕೊಂಡ. "ಇದ್ರಲ್ಲಿ ಏನು ತೊಂದ್ರೆ ಬಂತು ಮೇಡಂ?"

"ಚಿತ್ರ ಸರಿ ಬರ್ತಿಲ್ಲ."

"ಕೊಡಿ, ನೋಡೋಣ." ಅವನು ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಚಿತ್ರಗಳನ್ನು ಒಂದೊಂದಾಗಿ ಸರಿಸಿದ, ಹಿಗ್ಗಿಸಿದ, ಕನ್ನಡಕ ಹಾಕಿಕೊಂಡು ಮತ್ತೆ ನೋಡಿದ. ಅಮ್ಮ ಮೇಜಿನ ಅಂಚು ಹಿಡಿದು ನಿಂತಿದ್ದಳು. ಅವಳ ಮುಂದೆ ಎಷ್ಟೋ ಜನ ಹೀಗೆ ನಿಂತದ್ದುಂಟು. ತೆಗೆದ ಚಿತ್ರವನ್ನು ಅವಳು ನೋಡುವಾಗ ಅವರು ಅವಳ ಮುಖವನ್ನೇ ನೋಡುತ್ತಿದ್ದರು. ಈಗ ಅವಳು ಅಂಗಡಿಯಾತನ ಮುಖ ನೋಡುತ್ತಿದ್ದಳು. ಏನಾದರೊಂದು ಹೇಳಪ್ಪ, ಲೆನ್ಸ್ ಸೊಟ್ಟಗಿದೆ ಅನ್ನು, ಒಳಗೆ ಧೂಳು ಕೂತಿದೆ ಅನ್ನು.

"ರೆಪ್ಪೆ ಕೂದಲು ಸಮೇತ ಬಂದಿದೆಯಲ್ಲ ಮೇಡಂ! ಇಷ್ಟು ಚೆನ್ನಾಗಿ ನಾನೂ ತೆಗೆಯಲ್ಲ" ಎಂದು ಅವನು ಖುಷಿಯಿಂದ ತಲೆಯೆತ್ತಿದ. "ಕ್ಯಾಮೆರಾದಲ್ಲಿ ಯಾವ ದೋಷಾನೂ ಇಲ್ಲ."

ಅವಳು ಮೇಜಿನ ಅಂಚು ಬಿಟ್ಟು ತಡವರಿಸುತ್ತಾ ಬಾಗಿಲ ಕಡೆ ತಿರುಗಿದಳು. "ನೀರು ಕೊಡ್ಲಾ ಮೇಡಂ?" ಎಂದು ಅವನು ಗಾಬರಿಯಾಗಿ ಕೇಳುತ್ತಿದ್ದರೂ ನಿಲ್ಲದೆ, ಗುರುತಿನ ಚೀಟಿಯನ್ನು ಅಲ್ಲೇ ಬಿಟ್ಟು ಮನೆಗೆ ನಡೆದಳು.

ಬೆಕ್ಕು ಊಟದ ಮೇಜಿನಲ್ಲಿ ಗೋಡೆಯ ಪಕ್ಕ ಕೂತು ಲೆಕ್ಕ ಮಾಡುತ್ತಿದ್ದಳು. ಅಪ್ಪ ಆಗಷ್ಟೇ ವ್ಯಾನ್ ನಿಲ್ಲಿಸಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ. ಅಮ್ಮ ಅಡುಗೆಮನೆಯಿಂದ ಒಂದು ಉದ್ದ ಚಮಚ ತೆಗೆದುಕೊಂಡು, ಮಗಳ ಹಿಂದಿನಿಂದ ಬಂದು, ಗೋಡೆಗೂ ಅವಳಿಗೂ ನಡುವಿನ ಸಂದಿಯಲ್ಲಿ ನಿಂತಳು. ಚಮಚವನ್ನು ಮಗಳ ಎಡಕಿವಿಯ ಪಕ್ಕ ಹಿಡಿದು, ಮೆಲ್ಲಗೆ ಅಲ್ಲಾಡಿಸಿದಳು. ಮಗಳು ಬರೆಯುತ್ತಲೇ ಇದ್ದಳು. ಚಮಚ ಕೆನ್ನೆಯ ಪಕ್ಕ ಬಂತು. ಮಗಳು ಪೆನ್ಸಿಲ್ ತುದಿ ಕಚ್ಚಿದಳು. ಚಮಚ ಎಡಗಣ್ಣಿನ ಮುಂದೆಯೇ ಬಂದು ನಿಂತಿತು, ಒಂದು ಗೇಣು ದೂರವೂ ಇರಲಿಲ್ಲ. ದೀಪದ ಬೆಳಕು ಅದರ ಮೇಲೆ ಫಳಫಳ ಹೊಳೆಯುತ್ತಿತ್ತು. ರೆಪ್ಪೆ ಕದಲಲಿಲ್ಲ.

ಬಾಗಿಲಲ್ಲಿ ಅಪ್ಪ ಒಂದು ಚಪ್ಪಲಿ ಬಿಟ್ಟು, ಇನ್ನೊಂದು ಕಾಲಿನಲ್ಲೇ ನಿಂತುಬಿಟ್ಟಿದ್ದ.

"ಬೆಕ್ಕೂ" ಎಂದಳು ಅಮ್ಮ.

ಮಗಳು ಬೆಚ್ಚಿ ತಿರುಗಿದಳು. ಚಮಚ ಕಂಡಿತು. ಅಮ್ಮನ ಮುಖ ಕಂಡಿತು. ಎಲ್ಲ ಗೊತ್ತಾಗಿಹೋಯಿತು ಎಂದು ಅವಳಿಗೆ ತಿಳಿಯಿತು. ಅವಳು ಪೆನ್ಸಿಲ್ ಕೆಳಗಿಟ್ಟಳು.

"ಎಷ್ಟು ದಿನದಿಂದ?"

"ಅವತ್ತಿಂದ ಅಲ್ಲ. ಅವತ್ತು ಸರಿಯಾಗೇ ಇತ್ತು. ಆಮೇಲೆ ಆಮೇಲೆ…"

"ಯಾವತ್ತು?"

"ಮೊಣಕೈ ಅಲ್ಲಮ್ಮ ಅದು. ಚೆಂಡು. ನೇರ ಕಣ್ಣಿಗೇ ಬಡೀತು." ಬೆಕ್ಕು ಅಳುತ್ತಾ ಹೇಳಿದಳು. "ಮೊದ್ಲು ಮಿಂಚು ಹೊಡೆದಂಗೆ ಆಗ್ತಿತ್ತು. ಆಮೇಲೆ ಪಕ್ಕದಿಂದ ಪರದೆ ಎಳೆದಂಗೆ ಕಪ್ಪು ಬಂತು. ಈಗ ಅರ್ಧಕ್ಕಿಂತ ಜಾಸ್ತಿ ಬಂದಿದೆ."

"ಯಾಕೆ ಹೇಳ್ಲಿಲ್ಲ? ಯಾಕೆ ಹೇಳ್ಲಿಲ್ಲ ಕಂದಾ?"

"ಬೆರಳು ಉಳುಕಿದ್ದಕ್ಕೇ ಇಡೀ ಬೇಸಿಗೆ ಕೂರಿಸಿದ್ಯಲ್ಲ ಅಮ್ಮ. ಕಣ್ಣು ಅಂದ್ರೆ ನೀನು ಸತ್ತೇ ಹೋಗ್ತೀಯ ಅನ್ಕೊಂಡೆ."

ಮೆದುಳಿನದಲ್ಲ. ಬಡಗಿಯ ಬಿಳಿ ಕಲೆಯಲ್ಲ. ಅಮ್ಮನಿಗೆ ಮೊದಲು ಬಂದದ್ದು ಅದೇ ಸಮಾಧಾನ, ಅದು ಬಂದ ಕೂಡಲೇ ಅವಳಿಗೆ ನಾಚಿಕೆಯಾಯಿತು. ತಾನು ಮೂಳೆ ನೋಡಿ ಮಗಳಿಗೇನೂ ಆಗಿಲ್ಲ ಎಂದು ನೆಮ್ಮದಿಯಾಗಿ ಮಲಗಿದ್ದಳು. ಎಕ್ಸ್‌ರೇಯಲ್ಲಿ ಕಣ್ಣು ಎಲ್ಲಿ ಕಾಣುತ್ತದೆ? ಮಗಳು ಹೆದರಿದ್ದು ಕತ್ತಲಿಗಲ್ಲ, ತನಗೆ. ಪರದೆ ಎಳೆದುಕೊಂಡು ಬರುತ್ತಿದ್ದರೂ ಈ ಮಗು ಒಬ್ಬಳೇ ಅದರೊಳಗೆ ಕೂತು, ಅಮ್ಮನಿಗೆ ಗೊತ್ತಾಗದಂತೆ ನೀರು ಸುರಿಯುವುದನ್ನು ಅಭ್ಯಾಸ ಮಾಡಿಕೊಂಡಿತ್ತು.

ಅಪ್ಪ ವ್ಯಾನಿನ ಕೀಲಿ ತೆಗೆದುಕೊಂಡ.

ಕಣ್ಣಿನ ಡಾಕ್ಟರು ವಯಸ್ಸಾದ ಹೆಂಗಸು, ಮಾತು ಕಡಿಮೆ. ದೀಪ ಬಿಟ್ಟು ಬಹಳ ಹೊತ್ತು ನೋಡಿದರು. "ಕಣ್ಣಿನ ಹಿಂದಿನ ಪೊರೆ, ರೆಟಿನಾ, ಕಿತ್ತು ಬಂದಿದೆ. ನಾಳೇನೇ ಆಪರೇಷನ್ ಮಾಡೋಣ. ಕಣ್ಣು ಉಳಿಸಬಹುದು. ದೃಷ್ಟಿ ಎಷ್ಟು ವಾಪಸ್ ಬರುತ್ತೆ ಅಂತ ನಾನು ಹೇಳಲಾರೆ."

"ಎರಡು ವಾರ ಮುಂಚೆ ಬಂದಿದ್ರೆ?" ಎಂದು ಅಮ್ಮ ಕೇಳಿದಳು. ಕೇಳದಿದ್ದರೂ ಆಗುತ್ತಿತ್ತು.

ಡಾಕ್ಟರು ಅವಳ ಕೊರಳಲ್ಲಿ ತೂಗುತ್ತಿದ್ದ, ಆಸ್ಪತ್ರೆಯ ಹೆಸರಿದ್ದ ಪಟ್ಟಿಯನ್ನು ನೋಡಿದರು. ಸುಳ್ಳು ಹೇಳಿದರೆ ನಡೆಯುವುದಿಲ್ಲ ಎಂದು ಅವರಿಗೆ ಗೊತ್ತಾಯಿತು. "ಇದಕ್ಕಿಂತ ಚೆನ್ನಾಗಿರ್ತಿತ್ತು" ಎಂದರು.

ಆಪರೇಷನ್ ಆದ ಮೇಲೆ, ಪೊರೆ ಮತ್ತೆ ಅಂಟಿಕೊಳ್ಳಲೆಂದು ಬೆಕ್ಕು ಮುಖ ಕೆಳಗೆ ಮಾಡಿಯೇ ಮಲಗಬೇಕಿತ್ತು. ಅಮ್ಮ ನೆಲದ ಮೇಲೆ ಅಂಗಾತ ಮಲಗಿ, ಮಂಚದ ಅಂಚಿನಿಂದ ತೂಗುತ್ತಿದ್ದ ಮಗಳ ಮುಖ ನೋಡುತ್ತಾ ಮಾತಾಡುತ್ತಿದ್ದಳು. "ನಂಗೆ ಹೆದರಿಕೆ ಆಗುತ್ತೆ. ಅದು ಹೋಗಲ್ಲ, ಹಾಳಾದ್ದು ಹುಟ್ಟಿನಿಂದ ಬಂದಿದೆ" ಎಂದು ಒಂದು ಮಧ್ಯಾಹ್ನ ಹೇಳಿದಳು. "ಆದ್ರೆ ಅದನ್ನ ನಾನು ನೋಡ್ಕೋತೀನಿ. ನೀನು ನೋಡ್ಕೋಬೇಕಾಗಿಲ್ಲ. ನಂಗೆ ಹೇಳು, ಅಷ್ಟೇ. ಹೇಳಿದ್ದಕ್ಕೆ ಆಟ ಬಿಡಿಸಲ್ಲ." ಮಗಳು ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

ದೃಷ್ಟಿ ಅರ್ಧಂಬರ್ಧ ಬಂತು. ಬೆಳಕು, ಬಣ್ಣ, ಮುಂದೆ ಕೈಯಾಡಿಸಿದರೆ ಕೈ ಎಂಬುದು. ಮುಖಗಳು ಬರಲಿಲ್ಲ. ಗೋಲ್‌ಕೀಪರ್ ಜಾಗ ಬೇರೆ ಹುಡುಗಿಗೆ ಹೋಯಿತು. ಬಹಳ ದಿನ ಕಾದು, ಡಾಕ್ಟರು ಒಪ್ಪಿದ ಮೇಲೆ, ಒಡೆಯದ ಗಾಜಿನ ಕನ್ನಡಕವನ್ನು ತಲೆಗೆ ಪಟ್ಟಿ ಕಟ್ಟಿಕೊಂಡು ಬೆಕ್ಕು ಮತ್ತೆ ಮೈದಾನಕ್ಕೆ ಬಂದಳು. ಕೋಚ್ ಅವಳನ್ನು ಎಡಗಡೆಯ ಗೆರೆಯ ಪಕ್ಕ ಓಡುವ ಜಾಗಕ್ಕೆ ಹಾಕಿದರು. ಅಲ್ಲಿ ಎಡಗಡೆ ಇರುವುದು ಸುಣ್ಣದ ಗೆರೆ ಮಾತ್ರ, ಆಟವೆಲ್ಲ ಬಲಕ್ಕೆ.

ಅದಕ್ಕೆ ಮೊದಲು ತಾಯಿ ಮಗಳು ಅಂಗಡಿಗೆ ಹೋಗಿದ್ದರು. ಅಂಗಡಿಯಾತ ಗುರುತಿನ ಚೀಟಿಯನ್ನು ಜೋಪಾನವಾಗಿ ಇಟ್ಟಿದ್ದ. ಅವನು ಅದೇ ಹೊಸ ಕ್ಯಾಮೆರಾವನ್ನು ಬೆಕ್ಕಿನ ಕೈಗೆ ಕೊಟ್ಟು, "ಬಲಗಣ್ಣು ಇಲ್ಲಿಡು ಮರಿ. ಇನ್ನೊಂದು ಕಣ್ಣು ಮುಚ್ಕೋ" ಎಂದ.

"ಮುಚ್ಕೊಳ್ಳೋದೇ ಬೇಡ ಅಂಕಲ್" ಎಂದಳು ಬೆಕ್ಕು. ಅವಳು ನಕ್ಕಳು. ಅಮ್ಮನೂ ನಗಬೇಕೆಂದು ನೋಡಿದಳು, ಆಗಲಿಲ್ಲ. ಕ್ಯಾಮೆರಾ ಅದನ್ನೇ ತೆಗೆದುಕೊಂಡರು. ಅಮ್ಮನಿಗೆ ಮೊದಲು ನಿಜ ತೋರಿಸಿದ್ದು ಸಣ್ಣ ಕ್ಯಾಮೆರಾ, ಆಮೇಲೆ ಕಲ್ಲಿನ ಭಾರದ್ದು. ತಾನು ನಂಬದಿದ್ದುದಕ್ಕೆ ಅವುಗಳ ತಪ್ಪೇನಿತ್ತು?

ಬೆಕ್ಕು ಮತ್ತೆ ಆಡಿದ ಆ ಮೊದಲ ಪಂದ್ಯದ ದಿನ ಅಮ್ಮ ಎಡಬದಿಯ ಗೆರೆಯ ಹತ್ತಿರವೇ ನಿಂತಿದ್ದಳು. ಹಸಿರು ಚೌಕ ಬಲಗಣ್ಣಿನ ಮೇಲೆ ಕೂತಿತ್ತು. ಯಾರಾದರೂ ಚೆಂಡು ಎತ್ತಿ ಹೊಡೆದರೆ ಉಸಿರು ಬಿಗಿಹಿಡಿದು ಗುಂಡಿ ಒತ್ತುತ್ತಿದ್ದಳು. ಆಟದ ನಡುವೆ ಎದುರಾಳಿಯೊಬ್ಬಳ ಕಾಲು ಸಿಕ್ಕಿಕೊಂಡು ಬೆಕ್ಕು ಬಿದ್ದಳು. ಕೈಯೂರಿ ಬಿದ್ದಳು. ಎದ್ದು, ಕೈ ಕೊಡವಿ, ಒಂದು ಕ್ಷಣ ಹಾಗೇ ನಿಂತಳು. ಅಮ್ಮನಿಗೆ ಗೊತ್ತಿತ್ತು, ಈಗ ಆ ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡು ಓಡಿಬಿಡುತ್ತಾಳೆ.

ಬೆಕ್ಕು ಓಡಲಿಲ್ಲ. ಗೆರೆಯ ಕಡೆಗೆ, ಅಮ್ಮನ ಹತ್ತಿರ ಬಂದಳು.

"ಅಮ್ಮಾ, ಮಣಿಕಟ್ಟು ನೋವಾಗ್ತಿದೆ."

ಎಕ್ಸ್‌ರೇ ಕೋಣೆ, ಹಲಗೆ, ಕಿಟಕಿ ಪಕ್ಕದ ಕುರ್ಚಿ, ಎಲ್ಲ ಒಟ್ಟಿಗೆ ಅಮ್ಮನ ಕಣ್ಣ ಮುಂದೆ ಬಂದವು. "ತೋರಿಸು" ಎಂದಳು. ಎರಡು ಬೆರಳಿನಿಂದ ಒತ್ತಿ ನೋಡಿದಳು. ಊತವಿರಲಿಲ್ಲ. "ತಿರುಗಿಸು. ಮುಷ್ಟಿ ಮಾಡು." ಮಗಳು ಮಾಡಿದಳು. "ಆಡೋಕಾಗುತ್ತಾ?"

"ಆಗುತ್ತೆ."

ಬೆಕ್ಕು ಬಲಗಣ್ಣಿನಿಂದ ಅಮ್ಮನ ಬಾಯನ್ನೇ ನೋಡುತ್ತಿದ್ದಳು.

"ಹಾಗಾದ್ರೆ ಹೋಗು" ಎಂದಳು ಅಮ್ಮ.

ಮಗಳು ಓಡಿದಳು. ಅಮ್ಮ ಕ್ಯಾಮೆರಾ ಎತ್ತಿ ಹಿಂದಿನಿಂದ ಒಂದು ಚಿತ್ರ ತೆಗೆದಳು. ಮನೆಗೆ ಹೋಗಿ ನೋಡಿದರೆ ಅದರಲ್ಲಿ ಗೆರೆಯಿಲ್ಲ, ಹುಲ್ಲಿಲ್ಲ, ಮಗಳ ಜಾಗದಲ್ಲಿ ಬೂದಿ ಒರೆಸಿದಂಥ ಒಂದು ಗೀಟು. ಅಪ್ಪ ನೋಡಿ, ಇಷ್ಟು ದುಬಾರಿ ಕ್ಯಾಮೆರಾ, ಏನಾಯ್ತು ಇದಕ್ಕೆ ಎಂದು ಕೇಳಿದ.

"ಕ್ಯಾಮೆರಾದಲ್ಲಿ ಯಾವ ದೋಷಾನೂ ಇಲ್ಲ ಕಣ್ರೀ" ಎಂದಳು ಅವಳು. "ನನ್ನ ಕೈ ನಡುಗ್ತಿತ್ತು."